ಸಮಾಜಸೇವೆ ಅಲ್ಲ, ಸಮಾಜಕಾರ್ಯ

ಕಳೆದ ಭಾನುವಾರ ಮುಂಬಯಿಯ ಮಾಟುಂಗದಲ್ಲಿ ಒಂದು ಪ್ರತಿಭಾ ಪುರಸ್ಕಾರ. ನನ್ನ ಅಕ್ಕನ ಮಗಳನ್ನು ವೇದಿಕೆಗೆ ಕರೆದ ನಿರೂಪಕರು, "ಇವರು ಸಮಾಜಸೇವೆಯಲ್ಲಿ ಎಂ.ಎ. ಓದುತ್ತಿದ್ದಾರೆ" ಅಂದರು. ಪಕ್ಕದಲ್ಲಿ ಕೂತಿದ್ದ ಹಿರಿಯರು ನನ್ನ ಕಡೆ ವಾಲಿ, "ಸೇವೆ ಮಾಡ್ಲಿಕ್ಕೂ ಓದ್ಬೇಕಾ ಮಾರಾಯ್ರೆ?" ಎಂದು ಕೇಳಿದರು. ಅವರ ಪ್ರಶ್ನೆ ಸರಿಯಾಗಿಯೇ ಇದೆ. ಅವರ ಕಿವಿಗೆ ಬಿದ್ದ ಪದ ಸರಿಯಿಲ್ಲ. ಅವಳು ಓದುತ್ತಿರುವುದು ಸಮಾಜಕಾರ್ಯ, ಇಂಗ್ಲಿಷಿನ ಸೋಶಿಯಲ್ ವರ್ಕ್. ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಆ ವಿಭಾಗಕ್ಕೆ ಅದೇ ಹೆಸರು. ಮುಂಬಯಿಯ ನಮ್ಮ ಆಮಂತ್ರಣ ಪತ್ರಿಕೆಗಳಲ್ಲಿ, ವರದಿಗಳಲ್ಲಿ ಮಾತ್ರ ಇದು ಪ್ರತಿ ಸಲ ಸಮಾಜಸೇವೆ ಆಗಿಬಿಡುತ್ತದೆ.

'ಸೇವ್' ಧಾತುವಿಗೆ ಹತ್ತಿರ ಇರು, ಉಪಚರಿಸು, ಬಳಸು ಎಂಬ ಅರ್ಥಗಳಿವೆ. ಔಷಧಿ ಸೇವನೆ, ವಾಯುಸೇವನೆ ಬಂದದ್ದು ಅಲ್ಲಿಂದಲೇ. ಆದರೆ ನಮ್ಮ ಕಿವಿಗೆ ಸೇವೆ ಅಂದ ಕೂಡಲೇ ನೆನಪಾಗುವುದು ದೇವಸ್ಥಾನದ ಕೌಂಟರು, ಸೇವಾ ರಶೀದಿ, ಹರಕೆಗೆ ಆಡಿಸುವ ಯಕ್ಷಗಾನದ ಸೇವೆ ಆಟ. ಅಲ್ಲಿ ಯಾವ ಸೇವೆ, ಎಷ್ಟು ರೂಪಾಯಿಯದ್ದು, ಯಾವ ದಿನ ಎಂದು ತೀರ್ಮಾನ ಮಾಡುವುದು ಸೇವಾಕರ್ತರು. ರಶೀದಿಯಲ್ಲಿ ಹೆಸರೂ ಅವರದ್ದೇ. ದೇವರ ಮುಂದೆ ಅದು ಚೆಂದ. ಕಷ್ಟದಲ್ಲಿರುವ ಮನುಷ್ಯರ ಮುಂದೆ ಹಾಗೆ ನಡೆಯಬಾರದು.

'ಕಾರ್ಯ' ಅಂದರೆ ಮೂಲದಲ್ಲಿ 'ಮಾಡಬೇಕಾದದ್ದು'. ಇಷ್ಟ ಬಂದಾಗ ಮಾಡುವುದು ಸೇವೆ ಆಗಬಹುದು, ಕಾರ್ಯ ಆಗುವುದಿಲ್ಲ.

ಇನ್ನು 'ಸಮಾಜ'. ಸಂಸ್ಕೃತದಲ್ಲಿ ಪ್ರಾಣಿಗಳ ಗುಂಪು 'ಸಮಜ', ಮನುಷ್ಯರು ಸೇರಿದರೆ 'ಸಮಾಜ'. ಒಂದು ದೀರ್ಘದಲ್ಲಿ ಇಷ್ಟು ವ್ಯತ್ಯಾಸ! ಅಶೋಕನ ಮೊದಲನೇ ಬಂಡೆಗಲ್ಲು ಶಾಸನ ಸಮಾಜ ಮಾಡಬಾರದು ಎನ್ನುತ್ತದೆ. ಅಲ್ಲಿ ಅದರ ಅರ್ಥ ಉತ್ಸವದ ಜನಸಂದಣಿ. ಮುಂಬಯಿ ಕನ್ನಡದಲ್ಲಿ ಇದು ಇನ್ನೊಂದು ತಿರುವು ತೆಗೆದುಕೊಂಡಿದೆ. ಇಲ್ಲಿ 'ನಮ್ಮ ಸಮಾಜ' ಅಂದರೆ ನಮ್ಮ ಜಾತಿಯವರು, 'ಸಮಾಜ ಬಾಂಧವರು'. ಹಾಗಾಗಿ ಸಮಾಜಸೇವಕ ಅಂದರೆ ಜಾತಿ ಸಂಘಕ್ಕೆ ದುಡಿದವರು, ದೇಣಿಗೆ ಕೊಟ್ಟವರು. ಅವರ ಮೇಲೆ ನನಗೆ ಗೌರವವಿದೆ. ಈ ಊರಿನಲ್ಲಿ ಹೋಟೆಲ್ ಹುಡುಗರಿಗೆ ಕನ್ನಡದ ರಾತ್ರಿ ಶಾಲೆಗಳು ನಡೆದದ್ದು ಅಂಥ ಮನಸ್ಸಿನವರಿಂದಲೇ. ಆದರೆ ಅದು ಬೇರೆ, ಇದು ಬೇರೆ.

ಸಮಾಜಕಾರ್ಯಕ್ಕೆ ಓದು ಬೇಕು ಎಂದು ಈ ದೇಶ ಮೊದಲು ತಿಳಿದದ್ದು ಮುಂಬಯಿಯಲ್ಲೇ. 1936ರಲ್ಲಿ ನಾಗಪಾಡಾದಲ್ಲಿ ಸರ್ ದೊರಾಬ್ಜಿ ಟಾಟಾ ಹೆಸರಿನ ಸಮಾಜಕಾರ್ಯ ಶಾಲೆ ಶುರುವಾಯಿತು. ಈಗ ದೇವನಾರ್‌ನಲ್ಲಿರುವ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಅದೇ. 1984ರಲ್ಲಿ ಈ ಸಂಸ್ಥೆ ಮುಂಬಯಿ ಪೊಲೀಸರ ಜೊತೆ ಸೇರಿ ಹೆಂಗಸರು, ಮಕ್ಕಳಿಗಾಗಿ ವಿಶೇಷ ಘಟಕ ತೆರೆಯಿತು. ಅಂಥ ಕಡೆಗೆ ಗಂಡನ ಹೊಡೆತ ತಿಂದ ಹೆಂಗಸು ಬಂದಳು ಅನ್ನಿ. ಸೇವೆಯ ಮನಸ್ಸಿನವರು "ಸ್ವಲ್ಪ ಹೊಂದಿಕೊಂಡು ಹೋಗಮ್ಮ" ಅಂದಾರು, ಇಲ್ಲವೇ "ಇವತ್ತೇ ಬಿಟ್ಟು ಬಾ" ಅಂದಾರು. ಎರಡರಲ್ಲೂ ತೀರ್ಮಾನ ಹೇಳುವವರದ್ದೇ. ಸಮಾಜಕಾರ್ಯ ಓದಿದವರು ಕಾನೂನು ಏನು ಕೊಡುತ್ತದೆ, ಇರಲು ಜಾಗ ಎಲ್ಲಿದೆ, ಮಕ್ಕಳ ಶಾಲೆ ಏನಾಗುತ್ತದೆ ಎಂದು ಒಂದೊಂದಾಗಿ ಅವಳ ಮುಂದೆ ಇಡುತ್ತಾರೆ. ತೀರ್ಮಾನ ಅವಳದ್ದು. ಇದು ಬಾಯಿಪಾಠದಿಂದ ಬರುವುದಿಲ್ಲ. ಅದಕ್ಕೇ ತರಗತಿಯ ಜೊತೆಗೆ, ಜನರ ನಡುವೆ ಹೋಗಿ ಕಲಿಯುವ ಫೀಲ್ಡ್‌ವರ್ಕ್ ಇರುವುದು.

ಅಕ್ಕನ ಮಗಳು ಒಮ್ಮೆ ತನ್ನ ಫೀಲ್ಡ್‌ವರ್ಕ್ ಪುಸ್ತಕ ತೋರಿಸಿದಳು. ತೋರಿಸಿದಳು ಅನ್ನೋದಕ್ಕಿಂತ, ತಾನು ಬರೆದದ್ದನ್ನೆಲ್ಲ ಅಂಗೈಯಿಂದ ಮುಚ್ಚಿ ಅಂಚನ್ನು ಮಾತ್ರ ಬಿಟ್ಟಳು. "ಅದು ಅವರ ಕಥೆ ಮಾವ, ನಿಮಗೆ ಹೇಳೋ ಹಾಗಿಲ್ಲ." ಅಂಚಿನಲ್ಲಿ ಮೇಡಂ ಕೆಂಪು ಶಾಯಿಯಲ್ಲಿ ಬರೆದಿದ್ದರು: 'ಇಲ್ಲಿ ಅವರು ಸುಮ್ಮನಾದರು. ನೀನು ಯಾಕೆ ಮಾತಾಡಿದೆ? ಮೌನ ಕಷ್ಟವಾದದ್ದು ಅವರಿಗೋ, ನಿನಗೋ?' ಆ ಪ್ರಶ್ನೆಯ ಮೇಲೆ ಒಂದು ವಾರ ಯೋಚನೆ ಮಾಡಿದೆ ಎಂದಳು. ಎರಡು ವರ್ಷದ ಓದು ಅಂದರೆ ಇದು.

ಸಮಾಜಶಾಸ್ತ್ರವೂ ಇದಲ್ಲ. ಅದು ಸಮಾಜವನ್ನು ಅರಿಯುವ ಶಾಸ್ತ್ರ. ಅಷ್ಟು ಸಾಕು.

ಒಂದು ತೊಡಕು ಮಾತ್ರ ಉಳಿಯುತ್ತದೆ. ಮಹಾರಾಷ್ಟ್ರದ ಸರ್ಕಾರಿ ಆಸ್ಪತ್ರೆಗಳಲ್ಲಿ ಸಮಾಜಕಾರ್ಯ ಓದಿದವರ ಹುದ್ದೆಗೆ ಮರಾಠಿಯಲ್ಲಿ 'ಸಮಾಜಸೇವಾ ಅಧೀಕ್ಷಕ' ಎಂದೇ ಹೆಸರು. ಆ ಬೋರ್ಡು ಕಂಡರೆ ಯಾರೋ ದಾನ ಹಂಚುವವರು ಎಂದುಕೊಂಡು ದಾಟಿ ಹೋಗಬೇಡಿ. ಒಳಗೆ ಕೂತಿರುವುದು ಸಮಾಜಕಾರ್ಯ ಓದಿ ಬಂದವರು. ಊರಿಂದ ಕರೆತಂದ ರೋಗಿಯ ಬಿಲ್ಲಿಗೆ ದುಡ್ಡು ಸಾಲದಿದ್ದರೆ, ಡಿಸ್ಚಾರ್ಜ್ ಆದಮೇಲೆ ಎಲ್ಲಿಗೆ ಹೋಗುವುದು ಎಂದು ತೋಚದಿದ್ದರೆ, ಆ ಬಾಗಿಲು ತಟ್ಟಿ ಕೇಳಿ.