ಮಿಲ್ಟ್ರಿಯವರಿಗೂ ನೋವಾಗುತ್ತದೆ, ಮಾರಾಯ್ರೇ

ಜುಲೈ 26 ಹತ್ತಿರ ಬಂತೆಂದರೆ, ಪುಷ್ಯ ಮಳೆ ಹೊಯ್ಯುತ್ತಿರುವಾಗಲೇ, ನನಗೆ ಫೋನುಗಳು ಶುರುವಾಗುತ್ತವೆ. ‘ಡಾಕ್ಟ್ರೇ, ನೀವು ನೋಡ್ಕೊಳ್ಳೋರಲ್ಲಿ ಮಾಜಿ ಸೈನಿಕರು ಯಾರಾದ್ರೂ ಇದ್ದಾರಾ? ಕಾರ್ಗಿಲ್ ದಿನಕ್ಕೆ ಸಣ್ಣದೊಂದು ಸನ್ಮಾನ ಇಟ್ಕೊಂಡಿದ್ವಿ.’ ಇದ್ದಾರೆ. ನಾವು ಮನೆಮನೆಗೆ ಹೋಗಿ ನೋವು ಇಳಿಸುವ ಆರೈಕೆ ಮಾಡುವವರು; ಅಂಥವರು ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಹಾಸಿಗೆ ಹಿಡಿದು ಮಲಗಿದ್ದಾರೆ. ಬನ್ನಿ, ಶಾಲು ಹೊದಿಸಿ, ಬೇಕಿದ್ದರೆ ಫೋಟೊನೂ ತೆಗೆಸಿಕೊಳ್ಳಿ. ಆದರೆ ಮಂಚದ ಪಕ್ಕ ನಿಂತು ‘ನೀವು ಮಿಲ್ಟ್ರಿಯವರು, ನಿಮಗೆಂಥ ನೋವು!’ ಅಂತ ಮಾತ್ರ ಅನ್ನಬೇಡಿ.

ಹುರುಪು ತುಂಬಲೆಂದೇ ಆಡುವ ಮಾತು ಅದು, ಗೊತ್ತು. ಆಡಿದವರು ಕಾಫಿ ಕುಡಿದು ಘಾಟಿ ಇಳಿದು ಹೋಗುತ್ತಾರೆ. ಇತ್ತ ಮಂಚದ ಮೇಲಿನ ಮನುಷ್ಯ ಆವತ್ತಿನಿಂದ ‘ಅಮ್ಮಾ’ ಎನ್ನುವುದನ್ನೂ ಬಿಡುತ್ತಾನೆ. ಮೊದಲೇ ಕಲಿತು ಬಂದ ಪಾಠ, ನೀವು ಬಂದು ಮತ್ತೊಮ್ಮೆ ಬಾಯಿಪಾಠ ಮಾಡಿಸಿದಿರಿ.

ಇದರಿಂದ ಚಿಕಿತ್ಸೆಗೇ ಪೆಟ್ಟು. ನೋವನ್ನು ಅಳೆಯುವ ಯಂತ್ರ ನಮ್ಮ ಹತ್ತಿರ ಇಲ್ಲ. ಸೊನ್ನೆಯಿಂದ ಹತ್ತರೊಳಗೆ ಎಷ್ಟು ಅಂತ ರೋಗಿಯನ್ನೇ ಕೇಳಬೇಕು, ಅವರು ಹೇಳಿದ್ದನ್ನೇ ನಂಬಿ ಔಷಧಿಯ ಪ್ರಮಾಣ ನಿರ್ಧರಿಸಬೇಕು. ಹೊಸನಗರದ ಕಡೆಯ ಒಬ್ಬ ನಿವೃತ್ತ ಹವಾಲ್ದಾರರು ಕೇಳಿದಾಗಲೆಲ್ಲ ‘ಎರಡು’ ಎನ್ನುತ್ತಿದ್ದರು. ಪ್ರಾಸ್ಟೇಟ್ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ಆ ಸ್ಥಿತಿಯಲ್ಲಿ ಎರಡು ಎಂದರೆ ನಂಬುವುದು ಕಷ್ಟ. ನಮ್ಮ ಸ್ವಯಂಸೇವಕಿ ಒಬ್ಬರು, ರಿಟೈರ್ಡ್ ಟೀಚರ್, ಹಿಂದೆ ಅಡುಗೆಮನೆಗೆ ಹೋಗಿ ಅವರ ಹೆಂಡತಿಯ ಜೊತೆ ಹಲಸಿನ ಬೀಜ ಸುಲಿಯುತ್ತ ಕೂತರು. ಅರ್ಧ ಗಂಟೆಯಲ್ಲಿ ಎಲ್ಲ ಹೊರಬಿತ್ತು: ಎಡಮಗ್ಗುಲಿಗೆ ಮಲಗುವುದಿಲ್ಲ, ರಾತ್ರಿ ಕಿಟಕಿಯ ಸರಳು ಹಿಡಿದು ಕೂತಿರುತ್ತಾರೆ, ಊಟ ಒಂದು ಹಿಡಿಗೆ ಇಳಿದಿದೆ.

ಆಮೇಲೆ ನಾನು ನೋವಿನ ಮಾತೇ ಎತ್ತಲಿಲ್ಲ. ‘ಸಾಹೇಬ್ರೇ, ನಿನ್ನೆ ರಾತ್ರಿ ಎಷ್ಟು ಗಂಟೆಗೆ ಎದ್ರಿ?’ ಎಂದೆ. ಥಟ್ಟನೆ ಉತ್ತರ ಬಂತು. ‘ಹನ್ನೆರಡೂವರೆ. ಎರಡು ಇಪ್ಪತ್ತು. ನಾಲ್ಕಕ್ಕೆ ಎದ್ದವನು ಮತ್ತೆ ಮಲಗಲಿಲ್ಲ.’ ಕಷ್ಟ ತೋಡಿಕೊಳ್ಳಿ ಅಂದರೆ ನಾಚಿಕೆ, ರಿಪೋರ್ಟ್ ಕೊಡಿ ಅಂದರೆ ನಿಮಿಷದ ಲೆಕ್ಕ. ಭೇಟಿಗೆ ಹೋಗುವ ಎಲ್ಲರಿಗೂ ನಾನು ಹೇಳುವುದು ಇದನ್ನೇ. ‘ನೋವಿದೆಯಾ’ ಎನ್ನಬೇಡಿ. ಎಷ್ಟು ಹೊತ್ತು ನಿದ್ದೆ ಬಂತು, ಬಚ್ಚಲಿಗೆ ನಡೆದು ಹೋದ್ರಾ, ಮಗ್ಗುಲು ಬದಲಿಸಿದ್ದು ಯಾವಾಗ ಅಂತ ಕೇಳಿ, ಕೇಳಿದ್ದನ್ನು ನರ್ಸಿಗೆ ಮುಟ್ಟಿಸಿ. ಔಷಧಿಯ ವಿಷಯದಲ್ಲಿ ನಿಮ್ಮ ಸಲಹೆ ಬೇಡ, ಕಷಾಯದ್ದೂ ಬೇಡ.

ಇನ್ನು ಮಾರ್ಫಿನ್, ಅಫೀಮಿನಿಂದ ಮಾಡುವ ನೋವಿನ ಔಷಧಿ. ಹವಾಲ್ದಾರರು ಅದನ್ನು ಒಪ್ಪಲೇ ಇಲ್ಲ. ಅವರ ಲೆಕ್ಕದಲ್ಲಿ ಅದು ಇನ್ನು ಉಳಿಯುವುದಿಲ್ಲ ಎಂಬಂಥ ಗಾಯಾಳುವಿಗೆ ಚುಚ್ಚುವ ಇಂಜೆಕ್ಷನ್. ಮಗನ ಹೆದರಿಕೆ ಬೇರೆ, ಅಪ್ಪನಿಗೆ ಚಟ ಹತ್ತುತ್ತದೆ ಅಂತ. ನಾವು ಕೊಡುವುದು ಸಣ್ಣ ಮಾತ್ರೆ, ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ. ಕಡಿಮೆ ಪ್ರಮಾಣದಿಂದ ಶುರು ಮಾಡಿ, ನೋಡಿಕೊಂಡು ಏರಿಸುತ್ತೇವೆ. ಮೊದಲ ಕೆಲವು ದಿನ ವಾಕರಿಕೆ, ಮಂಪರು ಇರಬಹುದು. ಮಲಬದ್ಧತೆ ಮಾತ್ರ ಬಿಡದು, ಹಾಗಾಗಿ ಅದಕ್ಕೂ ಜೊತೆಯಲ್ಲೇ ಔಷಧಿ. ಕ್ಯಾನ್ಸರ್ ನೋವಿಗೆ ವೈದ್ಯರ ನಿಗಾದಲ್ಲಿ ತೆಗೆದುಕೊಂಡವರು ಚಟಕ್ಕೆ ಬೀಳುವುದು ಅಪರೂಪ. ಮೂತ್ರಪಿಂಡ ಸೋತವರಿಗೆ ಲೆಕ್ಕ ಬೇರೆಯಾಗುತ್ತದೆ, ಆದ್ದರಿಂದ ಪಕ್ಕದ ಮನೆಯವರ ಚೀಟಿ ನೋಡಿ ನಿಮ್ಮ ಮನೆಯ ತೀರ್ಮಾನ ಮಾಡಬೇಡಿ. 1985ರ ಮಾದಕವಸ್ತು ಕಾನೂನಿನ ಬಿಗಿಗೆ ಹೆದರಿ ಎಷ್ಟೋ ಆಸ್ಪತ್ರೆಗಳು ಇದನ್ನು ಇಡುವುದನ್ನೇ ಬಿಟ್ಟಿದ್ದವು. 2014ರ ತಿದ್ದುಪಡಿ ಬಂದ ಮೇಲೆ ಪರವಾನಗಿಯ ಗೋಜಲು ಕಡಿಮೆಯಾಗಿದೆ. ಮನೆಯವರ ಹೆದರಿಕೆಗೆ ತಿದ್ದುಪಡಿ ಯಾರು ತರಬೇಕೋ ನಾ ಕಾಣೆ.

ಹವಾಲ್ದಾರರು ಎಲ್ಲಕ್ಕಿಂತ ಹೆಚ್ಚು ತಪ್ಪು ತಿಳಿದಿದ್ದು ಮಾತ್ರೆಯ ಹೊತ್ತಿನ ವಿಷಯ. ನೋವು ತಡೆಯಲಾಗದಷ್ಟು ಬಂದ ಮೇಲೆ ಮಾತ್ರೆ, ಅಲ್ಲಿಯವರೆಗೆ ಹಲ್ಲು ಕಚ್ಚುವುದು. ಇದು ತಲೆಕೆಳಗಾದ ಕ್ರಮ. ನೋವು ತಲೆಯೆತ್ತುವ ಮೊದಲೇ ಗಡಿಯಾರ ನೋಡಿ ಮಾತ್ರೆ ಕೊಡಬೇಕು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್, ಅಂದರೆ ಕೊನೆಗಾಲದ ರೋಗಿಗಳ ಆರೈಕೆ ಮನೆ, ತೆರೆದ ಸಿಸಿಲಿ ಸಾಂಡರ್ಸ್ ಪಟ್ಟು ಹಿಡಿದು ಹೇಳಿದ್ದು ಇದನ್ನೇ. ನಾನು ಎಷ್ಟು ವಿವರಿಸಿದರೂ ಹವಾಲ್ದಾರರು ತಲೆಯಾಡಿಸಿ ಸುಮ್ಮನಾಗುತ್ತಿದ್ದರು. ಕೊನೆಗೆ ನಮ್ಮ ಜೀಪಿನ ಡ್ರೈವರ್, ಅವನೂ ಫೌಜಿನಿಂದ ಬಂದವನೇ, ಬಾಗಿಲಲ್ಲಿ ನಿಂತು ‘ಸಾಬ್, ಸಂತ್ರಿ ಡ್ಯೂಟಿ ಇದ್ದ ಹಾಗೆ. ದುಶ್ಮನ್ ಬರಲಿ ಬಿಡಲಿ, ಹೊತ್ತಿಗೆ ಸರಿಯಾಗಿ ಸಂತ್ರಿ ನಿಂತಿರ್ಬೇಕು’ ಎಂದ. ಆವತ್ತು ರಾತ್ರಿಯೇ ಶುರು ಮಾಡಿದರು. ಅಷ್ಟು ವರ್ಷ ಓದಿದ ನಾನು ಪಕ್ಕದಲ್ಲೇ ನಿಂತಿದ್ದೆ.

ನಮ್ಮ ಜೊತೆ ಭೇಟಿಗೆ ಬರುವ ಕಾಲೇಜು ಹುಡುಗರಿಗೆ ಇನ್ನೊಂದು ಮಾತು. ‘ಎಷ್ಟು ಜನರನ್ನ ಹೊಡೆದ್ರಿ?’ ಅಂತ ಕೇಳುವವರನ್ನು ನಾನು ಎರಡನೇ ಸಲ ಜೀಪು ಹತ್ತಿಸುವುದಿಲ್ಲ. ಸೈನ್ಯ ಎಂದರೆ ಬರೀ ಬಂದೂಕಲ್ಲ. ಲಾರಿ ಓಡಿಸಿದವರು, ಸೇತುವೆ ಕಟ್ಟಿದವರು, ವೈರ್‌ಲೆಸ್ ಹಿಡಿದು ಕೂತವರೂ ಅದರಲ್ಲಿದ್ದಾರೆ. 1971ರ ಯುದ್ಧದ ಕಥೆ ಬೇಕೆಂದು ಹೋದ ಒಬ್ಬ ಹುಡುಗನಿಗೆ ಅಜ್ಜ ಒಂದು ಗಂಟೆ ಹೇಳಿದ್ದು, ಹೊಗೆ ಕಾಣದ ಹಾಗೆ ಒಲೆ ಹೂಡಿ ಇಡೀ ಕಂಪನಿಗೆ ಪೂರಿ ಕರಿದ ಬಗೆ. ಅವರು ಲಂಗರಿನಲ್ಲಿ, ಅಂದರೆ ಸೈನ್ಯದ ಅಡುಗೆಮನೆಯಲ್ಲಿ ಇದ್ದವರು. ಹುಡುಗ ಪೆಚ್ಚಾಗಿ ಬಂದ. ಅಜ್ಜ ಮಾತ್ರ ಮರುವಾರ ಅವನೇ ಬರಲಿ ಅಂತ ಕೇಳಿದರು.

ಕಂಡದ್ದನ್ನು ಹೇಳಬೇಕೆನಿಸಿದವರು ಅವರಾಗಿಯೇ ಹೇಳುತ್ತಾರೆ, ಹೆಚ್ಚಾಗಿ ಬೆಳಗಿನ ಜಾವ. ಕೆಲವರಿಗೆ ಕೊನೆಗಾಲದಲ್ಲಿ ಹಳೆಯದೆಲ್ಲ ಮರುಕಳಿಸಿ ಗಾಬರಿಯಾಗುವುದುಂಟು. ಆಗ ಅದು ನೆನಪಿನದೋ, ಔಷಧಿಯದೋ, ಸೋಂಕಿನದೋ ಅಂತ ವೈದ್ಯರೇ ನೋಡಬೇಕು. ನಿದ್ದೆಯಲ್ಲಿದ್ದವರ ಮೈ ಮುಟ್ಟಿ ಎಬ್ಬಿಸಬೇಡಿ, ಕಾಲ ದೆಸೆಯಲ್ಲಿ ನಿಂತು ಹೆಸರು ಹಿಡಿದು ಕರೆಯಿರಿ. ತೋಟಕ್ಕೆ ಮಂಗ ಬಂತೆಂದು ಪಟಾಕಿ ಹೊಡೆಯುವವರು ಮನೆಯೊಳಗೆ ಒಂದು ಮಾತು ಮೊದಲೇ ತಿಳಿಸಿ.

ಮಾಡಲು ಕೆಲಸ ಬೇಕಾದಷ್ಟಿದೆ. ಗಡ್ಡ ಹೆರೆಯಲು ಕಲಿಯಿರಿ. ದಿನಾ ಕ್ಷೌರ ಮಾಡಿಕೊಂಡು ಬದುಕಿದವರಿಗೆ ಕುರುಚಲು ಗಡ್ಡದಲ್ಲಿ ಮಲಗುವುದೇ ದೊಡ್ಡ ಅವಮಾನ. ನವೆಂಬರ್ ಬಂದರೆ ಪೆನ್ಷನ್ನಿಗೆ ಜೀವಿತ ಪ್ರಮಾಣಪತ್ರ ಕೊಡಬೇಕು. ಬ್ಯಾಂಕಿಗೆ ಹೊತ್ತುಕೊಂಡು ಹೋಗಬೇಕಾಗಿಲ್ಲ, ಫೋನಿನಲ್ಲಿ ಮುಖ ತೋರಿಸಿಯೂ ಮಾಡಬಹುದು. ನೆಟ್‌ವರ್ಕ್ ಸಿಗುವ ಗುಡ್ಡದವರೆಗೆ ಅವರನ್ನು ಸಾಗಿಸುವುದು ಬೇರೆ ಕಥೆ, ಅದಕ್ಕೇ ಗಟ್ಟಿ ಹುಡುಗರು ಬೇಕು. ಹಾಗೆಯೇ ಪೆನ್ಷನ್ ಕಾಗದದಲ್ಲಿ ಹೆಂಡತಿಯ ಹೆಸರು ಆಧಾರಿನಲ್ಲಿದ್ದಂತೆಯೇ ಇದೆಯಾ ನೋಡಿ. ಒಂದರಲ್ಲಿ ಗಿರಿಜಾ, ಇನ್ನೊಂದರಲ್ಲಿ ಗಿರಿಜಮ್ಮ ಅಂತಿದ್ದರೆ ಯಜಮಾನರು ಇರುವಾಗಲೇ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ವಿಚಾರಿಸಿ. ನಮ್ಮ ಹವಾಲ್ದಾರರಿಗೆ ಮಾತ್ರೆಯಿಂದ ನೋವು ಇಳಿದ ಮೇಲೂ ನಿದ್ದೆ ಬಾರದೆ ಇದ್ದದ್ದು ಇದೇ ಚಿಂತೆಗೆ. ಅರ್ಜಿ ಬರೆದುಕೊಟ್ಟಿದ್ದು ಆ ಟೀಚರಮ್ಮ.