ಮೇನ್‌ಫ್ರೇಮ್ ಆಪರೇಟರ್, ಸಿಸ್ಟಮ್ ಪ್ರೋಗ್ರಾಮರ್ ಕೋರ್ಸ್: ಮೆಸೇಜ್ ಓದೋದ್ರಿಂದ ಶುರು ಮಾಡಿದ ನೋಟ್ಸ್

ನಮಸ್ಕಾರ್ರೀ ಎಲ್ಲಾರಿಗೂ. ಮೇನ್‌ಫ್ರೇಮ್ (ಬ್ಯಾಂಕು, ದೊಡ್ಡ ಕಂಪನಿಗೋಳು ಬಳಸೋ ದೊಡ್ಡ ಕಂಪ್ಯೂಟರ್) ಕೋರ್ಸಿಗೆ ಈಗ ಸೇರಿದವರಿಗೆ, ಇಲ್ಲಾ ಸೇರಬೇಕಂತ ವಿಚಾರ ಮಾಡಾಕತ್ತವರಿಗೆ ಈ ನೋಟ್ಸ್. ನಾನು ಧಾರವಾಡ ಸಪ್ತಾಪುರದಾಗ ರೂಮ್ ಮಾಡ್ಕೊಂಡು ಇರಾಂವ, ಶನಿವಾರ ಐತವಾರ ಚಿಗರಿ ಬಸ್ ಹಿಡದು ಹುಬ್ಬಳ್ಳಿ ವಿದ್ಯಾನಗರಕ್ಕ ಕ್ಲಾಸಿಗೆ ಹೋಗ್ತೀನಿ, ಬರೋವಾಗ ಬಸ್ಸಿನ್ಯಾಗ ಮೊಬೈಲ್‌ದಾಗ ಬರ್ಕೊಂಡಿದ್ದನ್ನ ಒಂದ್ಕಡೆ ಕೂಡ್ಸಿ ಹಾಕೀನಿ. ನಾ ಕಲ್ತಿದ್ದ ಕ್ರಮದಾಗ ಇಲ್ಲ, ನಂಗ ಈಗ ಯಾರರ ಹೊಸದಾಗಿ ಕಲಿಸಿದ್ರ ಹೆಂಗ ಕಲಿಸಬೇಕಿತ್ತು ಅನ್ನಸ್ತೈತಿ ಆ ಕ್ರಮದಾಗ ಐತಿ.

ಮೊದಲ ರೊಕ್ಕದ ಮಾತು. ನಾ ಮೊದ್ಲು ಸೇರಿದ ಒಂದು ಕೋರ್ಸಿನ್ಯಾಗ ಎರಡ್ ತಿಂಗಳು ಬರೇ ಸ್ಲೈಡ್, ಕನ್ಸೋಲ್, ಅಂದ್ರ ಆಪರೇಟರ್ ಮೆಸೇಜ್ ನೋಡಿ ಕಮಾಂಡ್ ಹೊಡಿಯೋ ಸ್ಕ್ರೀನ್, ಒಂದಿನಾನೂ ಮುಟ್ಟಾಕ ಕೊಡ್ಲಿಲ್ಲ. ಹಿಂಗಾಗಿ ಫೀ ಕಟ್ಟೋ ಮೊದ್ಲು ಎರಡ ಪ್ರಶ್ನೆ ಕೇಳ್ರಿ: ಕನ್ಸೋಲ್ ಕಮಾಂಡ್ ಹೊಡಿಯೋ ಅಧಿಕಾರ ಇರೋ ಐಡಿ ಕೊಡ್ತೀರೇನ್ರಿ, ಕೊಟ್ರ ವಾರಕ್ಕ ಎಷ್ಟು ತಾಸು? ಉತ್ತರ ಹಾರಿಸಿ ಹೇಳಿದ್ರ ಎದ್ದು ಬರ್ರಿ. ಬರೇ ಜೆಸಿಎಲ್ (ಜಾಬ್ ಅಂದ್ರ ಸಿಸ್ಟಮಿಗೆ ಕೊಡೋ ಒಂದು ಕೆಲಸ, ಅದನ್ನ ಹೆಂಗ ಓಡಸಬೇಕಂತ ಹೇಳೋ ಭಾಷೆ) ಬರಿಯಾಕ ಕಲೀಬೇಕಂದ್ರ ಅದಕ್ಕ ಫೀ ಕೊಡೋ ಗರಜೂ ಇಲ್ಲ, ಐಬಿಎಂನವರ ಝಡ್ ಎಕ್ಸ್‌ಪ್ಲೋರ್ ಪುಕ್ಕಟೆ ಐತಿ, ಖರೇ ಝಡ್‌ಓಎಸ್ (ಮೇನ್‌ಫ್ರೇಮಿನ ಆಪರೇಟಿಂಗ್ ಸಿಸ್ಟಮ್) ಮ್ಯಾಲನ ಕೆಲಸ ಮಾಡ್ತೀರಿ. ಆದ್ರ ಅಲ್ಲಿ ನೀವು ಸಾದಾ ಯೂಸರ್, ಆಪರೇಟರ್ ಅಲ್ಲ. ಕನ್ಸೋಲ್ ರೂಢಿ ಆಗಬೇಕಂದ್ರ ಹರ್ಕ್ಯುಲೀಸ್ ಎಮ್ಯುಲೇಟರ್ (ಸಾದಾ ಕಂಪ್ಯೂಟರಿನ್ಯಾಗ ಮೇನ್‌ಫ್ರೇಮಿನಂಗ ನಡಕೊಳ್ಳೋ ಪ್ರೋಗ್ರಾಮ್) ಹಾಕ್ಕೋರಿ, ರೋಜರ್ ಬೌಲರ್ 1999ರಾಗ ಶುರು ಮಾಡಿದ್ದು. ಅದ್ರ ಮ್ಯಾಲ ಝಡ್‌ಓಎಸ್‌ನ ಹಳೇ ರೂಪ ಎಂವಿಎಸ್ 3.8ಜೆ ಓಡ್ತೈತಿ, ಟಿಕೆ5 ಅನ್ನೋ ರೆಡಿ ಪ್ಯಾಕೇಜ್ ಸಿಗ್ತೈತಿ, ನನ್ನ ಹಳೇ ಲ್ಯಾಪ್‌ಟಾಪಿನ್ಯಾಗ ಏನೂ ತಕರಾರಿಲ್ದ ಓಡ್ತೈತಿ. ಎರಡನ್ನೂ ಜೋಡಿ ಇಟ್ಕೋರಿ, ಒಂದ್ರಾಗ ಇಲ್ದಿದ್ದು ಇನ್ನೊಂದ್ರಾಗ ಐತಿ.

ಈಗ ವಿಷಯಕ್ಕ ಬರೋಣು. ಆಪರೇಟರ್ ಕೆಲಸ ಅಂದ್ರ ಕಮಾಂಡ್ ಹೊಡಿಯೋದು ಅಂತ ನಾ ತಿಳ್ಕೊಂಡಿದ್ದೆ, ಹಂಗಲ್ಲ, ಓದೋದು. ಸ್ಕ್ರೀನ್ ಮ್ಯಾಲ ಮೆಸೇಜ್ ಹರೀತಾನ ಇರ್ತಾವು, ಅದ್ರಾಗ ಯಾವುದು ಸುಮ್ನ ತಿಳಸಾಕ ಬಂದಿದ್ದು, ಯಾವುದು ನಿಮ್ಮ ಉತ್ತರಕ್ಕ ಕಾಯ್ಕೋತ ನಿಂತಿದ್ದು ಅಂತ ಕಣ್ಣಿಗೆ ಬೀಳಬೇಕು. ಮೆಸೇಜಿನ ನಂಬರಿನ್ಯಾಗನ ಇದೆಲ್ಲಾ ಬರ್ದಿರ್ತೈತಿ. ಮೊದಲ ಮೂರು ಅಕ್ಷರ ಯಾರು ಮಾತಾಡಾಕತ್ತಾರ ಅನ್ನೋದು: ಐಇಎಫ್ ಅಂದ್ರ ಜಾಬ್ ಓಡ್ಸೋ ಭಾಗ, ಐಇಇ ಅಂದ್ರ ಕಮಾಂಡ್ ನೋಡ್ಕೊಳ್ಳೋ ಭಾಗ, ಐಇಸಿ ಅಂದ್ರ ಡೇಟಾ ಓದೋ ಬರಿಯೋ ಭಾಗ, ಐಸಿಎಚ್ ಅಂದ್ರ ರ‍್ಯಾಕ್‌ಎಫ್ ಅಂದ್ರ ಸೆಕ್ಯೂರಿಟಿ, ಐಕೆಜೆ ಅಂದ್ರ ಟಿಎಸ್‌ಓ, ಯೂಸರ್‌ಗೋಳು ಲಾಗಿನ್ ಆಗಿ ಕೆಲಸ ಮಾಡೋ ಭಾಗ. ಕಡೀ ಅಕ್ಷರ ನೀವೇನು ಮಾಡಬೇಕು ಅನ್ನೋದು: ಐ ಇದ್ರ ಬರೇ ಮಾಹಿತಿ, ಎ ಇದ್ರ ಈಗಿಂದೀಗ ಏನರ ಮಾಡ್ರಿ ಅಂತ, ಇ ಇದ್ರ ಆಮ್ಯಾಲ ಮಾಡಿದ್ರೂ ನಡೀತೈತಿ ಆದ್ರ ಮಾಡಾಕಬೇಕು, ಡಿ ಇದ್ರ ನೀವು ನಿರ್ಣಯ ತಗೋಬೇಕು. ಜೆಇಎಸ್2 (ಜಾಬ್ ತಗೊಂಡು ಸಾಲಿಗೆ ಹಚ್ಚಿ, ಔಟ್‌ಪುಟ್ ನೋಡ್ಕೊಳ್ಳೋ ಭಾಗ) ಕಡಿಂದ ಬರೋ $ಹ್ಯಾಸ್ಪ್ ಮೆಸೇಜಿಗೆ ಈ ಕಡೀ ಅಕ್ಷರ ಸಾಮಾನ್ಯ ಇರಂಗಿಲ್ಲ. ಹ್ಯಾಸ್ಪ್ ಅನ್ನೋ ಹೆಸರು ಹ್ಯೂಸ್ಟನ್ ಊರಿಂದ ಬಂದೈತಿ, ನಾಸಾ ಕೆಲಸಕ್ಕಂತ ಅಲ್ಲಿದ್ದ ಐಬಿಎಂ ಮಂದಿ 1960ರ ದಶಕದಾಗ ಬರ್ದ ಪ್ರೋಗ್ರಾಮ್, ಇವತ್ತಿಗೂ ಆ ಹೆಸರು ಮೆಸೇಜಿನ್ಯಾಗ ಉಳದೈತಿ.

ಇದು ನಂಗ ತಲಿಗೆ ಹತ್ತಿದ್ದು ಹೆಂಗಂದ್ರ, ಲ್ಯಾಬಿನ್ಯಾಗ ಒಂದಿನ ಕನ್ಸೋಲ್ ನನ್ನ ಪಾಳಿ ಇತ್ತು. ಎರಡು ಜಾಬ್ ಟೇಪ್ ಡ್ರೈವ್ ಬೇಕಂತ ಕಾಯಾಕತ್ತಿದ್ವು, ಎರಡಕ್ಕೂ ಐಇಎಫ್238ಡಿ ಬಂದಿತ್ತು, ಡಿವೈಸ್ ಹೆಸರು ಕೊಡು ಇಲ್ಲಾ ಕ್ಯಾನ್ಸಲ್ ಅನ್ನು ಅಂತ. ಒಂದರ ರಿಪ್ಲೈ ನಂಬರ್ 07, ಇನ್ನೊಂದು 08. ನಮ್ಮ ಗುಂಪಿನ ಜಾಬ್ ತಪ್ಪು ಇತ್ತು, ಅದನ್ನ ತೆಗಿಬೇಕಂತ ಆರ್ 07,ಕ್ಯಾನ್ಸಲ್ ಅಂತ ಹೊಡದೆ, ನಮ್ಮದು 08 ಆಗಿತ್ತು. 07 ಬ್ಯಾರೆ ಗುಂಪಿನವರದು, ಎರಡು ಸ್ಟೆಪ್ ಮುಗಿಸಿ ಮೂರನೇದಕ್ಕ ಬಂದು ನಿಂತಿತ್ತು, ಅಲ್ಲೇ ಸತ್ತು ಹೋತು. ಅವರು ಮುಂಜಾನಿಂದ ಅದಕ್ಕ ಕುಂತಿದ್ರು, ನಂಗ ಭಾಳ ಬ್ಯಾಸರಾತು. ಸರ್ ಬೈಲಿಲ್ಲ, "ತಮ್ಮಾ, ಡಿ ಆರ್,ಎಲ್ ಹೊಡದು ನೋಡಿದ್ಯೇನು?" ಅಂತ ಕೇಳಿದ್ರು ಅಷ್ಟ. ಡಿ ಆರ್,ಎಲ್ ಅಂದ್ರ ಉತ್ತರಕ್ಕ ಕಾಯೋ ಮೆಸೇಜೆಲ್ಲಾ ನಂಬರ್ ಸಮೇತ ತೋರ್ಸೋ ಕಮಾಂಡ್. ಅವತ್ತಿಂದ ನಾ ರಿಪ್ಲೈ ಹೊಡಿಯೋ ಮೊದ್ಲು ಅದನ್ನ ಹೊಡದು, ಜಾಬಿನ ಹೆಸರು ಬಾಯಿಲೆ ಓದಿ, ಆಮ್ಯಾಲ ಎಂಟರ್ ಒತ್ತತೀನಿ. ನೀವೂ ಮೊದಲ ದಿನದಿಂದನ ಹಿಂಗ ಮಾಡ್ರಿ.

ಇನ್ನೊಂದು ಎಲ್ಲಾರೂ ಕೇಳೋದು, ಜಾಬ್ ಸಬ್‌ಮಿಟ್ ಮಾಡೀನಿ, ಓಡವಲ್ದು. ಹುಬ್ಬಳ್ಳಿ ಜಂಕ್ಷನ್‌ದಾಗ ಪ್ಲಾಟ್‌ಫಾರ್ಮ್ ಖಾಲಿ ಇಲ್ಲಂದ್ರ ಗಾಡಿ ಔಟರಿನ್ಯಾಗ ನಿಲ್ಲಸ್ತಾರಲ್ಲ, ಹಂಗ. ಇನಿಶಿಯೇಟರ್ ಅಂದ್ರ ಪ್ಲಾಟ್‌ಫಾರ್ಮ್, ಒಂದೊಂದು ಇನಿಶಿಯೇಟರ್ ಇಂಥಿಂಥ ಕ್ಲಾಸಿನ ಜಾಬಷ್ಟ ತಗೋತೈತಿ. $ಡಿಐ ಹೊಡದ್ರ ಯಾವ್ಯಾವು ಖಾಲಿ, ಯಾವ್ಯಾವು ಬಂದ್ ಅದಾವು ಗೊತ್ತಾಗ್ತೈತಿ. ನಿಮ್ಮ ಜಾಬಿನ ಕ್ಲಾಸಿಗೆ ಒಂದೂ ಇನಿಶಿಯೇಟರ್ ಇಲ್ಲಂದ್ರ ಸಂಜಿತನಾ ಕುಂತ್ರೂ ಓಡಂಗಿಲ್ಲ. ಅದೂ ಸರಿ ಐತಿ ಅಂದ್ರ ಜಾಬ್ ಹೋಲ್ಡ್ ಆಗೈತೇನು ನೋಡ್ರಿ, ಅದ ಹೆಸರಿನ ಇನ್ನೊಂದು ಜಾಬ್ ಓಡಾಕತ್ತೈತೇನು ನೋಡ್ರಿ, ಒಂದ ಹೆಸರಿನ ಎರಡು ಜಾಬನ್ನ ಜೆಇಎಸ್2 ಸಾಮಾನ್ಯವಾಗಿ ಒಮ್ಮೆಲೇ ಓಡಸಂಗಿಲ್ಲ. $ಹ್ಯಾಸ್ಪ್373 ಬಂತಂದ್ರ ಜಾಬ್ ಶುರು ಆತು, $ಹ್ಯಾಸ್ಪ್395 ಬಂತಂದ್ರ ಮುಗೀತು.

ಜೆಸಿಎಲ್‌ದಾಗ ಜಾಬ್ (ಕೆಲಸದ ಹೆಸರು), ಎಕ್ಸೆಕ್ (ಯಾವ ಪ್ರೋಗ್ರಾಮ್ ಓಡಬೇಕು, ಒಂದೊಂದು ಎಕ್ಸೆಕ್ ಒಂದೊಂದು ಸ್ಟೆಪ್), ಡಿಡಿ (ಯಾವ ಫೈಲ್ ಬೇಕು) ಈ ಮೂರು ಎಲ್ಲಾ ಕಡೆ ಹೇಳಿಕೊಡ್ತಾರ, ಅದನ್ನ ಬಿಡ್ತೀನಿ. ಎಲ್ಲಾರೂ ಎಡವೋದು ಕಂಡ್ ಪ್ಯಾರಾಮೀಟರಿನ್ಯಾಗ, ಹಿಂದಿನ ಸ್ಟೆಪ್ ಮುಗಿಯೋವಾಗ ಕೊಡೋ ಅಂಕಿ (ರಿಟರ್ನ್ ಕೋಡ್) ನೋಡಿ ಈ ಸ್ಟೆಪ್ ಬಿಡಬೇಕೋ ಬ್ಯಾಡೋ ಅಂತ ಅದು ಹೇಳ್ತೈತಿ. ಕಂಡ್=(4,ಎಲ್‌ಟಿ) ಅಂತ ಬರದ್ರ, "4 ಅನ್ನೋದು ಹಿಂದಿನ ಸ್ಟೆಪ್ಪಿನ ರಿಟರ್ನ್ ಕೋಡಿಗಿಂತ ಸಣ್ಣದೈತೇನು, ಹೌದಂದ್ರ ಈ ಸ್ಟೆಪ್ ಬಿಟ್ಟುಬಿಡು" ಅಂತ ಓದಬೇಕು. ಹಿಂದಿನದು 8 ಕೊಟ್ರ, 4 ಸಣ್ಣದು, ಹೌದು, ಸ್ಟೆಪ್ ಓಡಂಗಿಲ್ಲ. 4 ಕೊಟ್ರ, 4 ಕ್ಕಿಂತ 4 ಸಣ್ಣದಲ್ಲ, ಓಡ್ತೈತಿ. ಖರೇ ಆದ್ರ ಓಡ್ಸು ಅಂತಲ್ಲ, ಖರೇ ಆದ್ರ ಬಿಡು ಅಂತ, ಇದು ತಲ್ಯಾಗ ಕುಂದ್ರಬೇಕಂದ್ರ ಕೈಲೆ ಒಂದಿಪ್ಪತ್ತು ಸಲ ಬರ್ದು ನೋಡಬೇಕು. ಈಗಿನ ಝಡ್‌ಓಎಸ್‌ದಾಗ ಇಫ್, ಎಲ್ಸ್ ಬರಿಬಹುದು, ಓದಾಕ ಸರಳ, ಆದ್ರ ಹರ್ಕ್ಯುಲೀಸ್ ಮ್ಯಾಲಿನ 3.8ಜೆ ಒಳಗ ಅದಿಲ್ಲ, ಕಂಪನಿಗೋಳ ಹಳೇ ಜಾಬಿನ್ಯಾಗ ಕಂಡ್ ಇನ್ನೂ ತುಂಬೇತಿ, ಹಂಗಾಗಿ ಕಲೀಲೇಬೇಕು.

ಈ ರಿಟರ್ನ್ ಕೋಡ್ ಎಲ್ಲಿಂದ ಬರ್ತೈತಿ ಅನ್ನೋದಕ್ಕ ನಂಗ ಭಾಳ ಇಷ್ಟ ಆದ ಉದಾಹರಣೆ ಐಇಎಫ್‌ಬಿಆರ್14. ಏನೂ ಮಾಡದ ಪ್ರೋಗ್ರಾಮ್ ಅದು, ಡೇಟಾಸೆಟ್ (ಅಂದ್ರ ಫೈಲ್) ಹುಟ್ಟಸಾಕ ಅಳಸಾಕ ಅದನ್ನ ಕರೀತಾರ, ಯಾಕಂದ್ರ ಆ ಕೆಲಸ ಡಿಡಿ ಸಾಲು ನೋಡಿ ಸಿಸ್ಟಮ್ಮ ಮಾಡ್ತೈತಿ, ಪ್ರೋಗ್ರಾಮ್ ಹೆಸರಿಗಷ್ಟ ಬೇಕು. ಮೊದ್ಲು ಅದ್ರಾಗ ಇದ್ದಿದ್ದು ಒಂದ ಸಾಲು, ಬಿಆರ್ 14, ಅಂದ್ರ 14ನೇ ರಿಜಿಸ್ಟರಿನ್ಯಾಗಿರೋ (ಪ್ರೊಸೆಸರಿನೊಳಗಿನ ಸಣ್ಣ ಜಾಗ) ಅಡ್ರೆಸ್ಸಿಗೆ ಹೊಳ್ಳಿ ಹೋಗು. ಕರದವರ ಅಡ್ರೆಸ್ 14ರಾಗ ಇರ್ತೈತಿ, ರಿಟರ್ನ್ ಕೋಡ್ 15ರಾಗ ಇಟ್ಟು ಹೋಗಬೇಕು, ಇದು ಕಟ್ಟುನಿಟ್ಟಿನ ಪದ್ಧತಿ. ಆದ್ರ ಪ್ರೋಗ್ರಾಮ್ ಶುರು ಆಗೋವಾಗ 15ರಾಗ ಇರೋದು ಆ ಪ್ರೋಗ್ರಾಮಿನ ಸ್ವಂತ ಅಡ್ರೆಸ್. ಅದನ್ನ ಅಳಸದ ಹೊಳ್ಳಿ ಹೋದ್ರ ಆ ಅಡ್ರೆಸ್ಸ ರಿಟರ್ನ್ ಕೋಡ್ ಆಗಿಬಿಡ್ತೈತಿ, ಮುಂದಿನ ಸ್ಟೆಪ್ಪಿನ ಕಂಡ್ ಎಲ್ಲಾ ಕೆಡ್ತೈತಿ. ಹಂಗಾಗಿ ಎಸ್ಆರ್ 15,15 ಅಂತ ಒಂದು ಸಾಲು ಸೇರಿಸಿದ್ರು, 15ರೊಳಗಿಂದ 15ನ್ನ ಕಳದ್ರ ಸೊನ್ನಿ. ಒಂದ ಸಾಲಿನ ಪ್ರೋಗ್ರಾಮಿನ್ಯಾಗೂ ತಪ್ಪಿತ್ತು! ಸಿಸ್ಟಮ್ ಪ್ರೋಗ್ರಾಮರ್ ಆಗಬೇಕನ್ನವರು ಅಸೆಂಬ್ಲರ್ (ಯಂತ್ರದ ಇನ್‌ಸ್ಟ್ರಕ್ಷನ್ ಮಟ್ಟದ ಭಾಷೆ) ಯಾಕ ಕಲೀಬೇಕು ಅಂತ ಯಾರರ ಕೇಳಿದ್ರ ನಾ ಇದನ್ನ ಹೇಳ್ತೀನಿ.

ಅಬೆಂಡ್ (ಜಾಬ್ ನಡುವ ಕೆಟ್ಟು ನಿಲ್ಲೋದು) ಕೋಡ್ ಬಾಯಿಪಾಠ ಮಾಡಬ್ಯಾಡ್ರಿ. ಎಸ್0ಸಿ1, 0ಸಿ4, 0ಸಿ7 ಇವುಗೋಳ ಕಡೀ ಅಂಕಿ ಅಂದ್ರ ಹಾರ್ಡ್‌ವೇರ್ ಕೊಡೋ ಪ್ರೋಗ್ರಾಮ್ ಇಂಟರಪ್ಷನ್ ನಂಬರ್. 1 ಅಂದ್ರ ಇಂಥಾ ಇನ್‌ಸ್ಟ್ರಕ್ಷನ್ನ ಇಲ್ಲ, 4 ಅಂದ್ರ ನಿಂದಲ್ಲದ ಜಾಗ ಮುಟ್ಟಿದಿ, 7 ಅಂದ್ರ ಡೇಟಾ ಕೆಟ್ಟೈತಿ. 7 ಹೆಂಗ ಬರ್ತೈತಿ ಅಂದ್ರ, ಅರ್ಧ ಬೈಟಿಗೆ ಒಂದು ಅಂಕಿ ಇಡೋ ಪ್ಯಾಕ್ಡ್ ಡೆಸಿಮಲ್ ಫೀಲ್ಡಿನ ಕಡೀ ಅರ್ಧ ಬೈಟ್ ಚಿಹ್ನೆ, ಅಲ್ಲಿ ಎ ಇಂದ ಎಫ್ ತನಕ ಯಾವುದರ ಇರಬೇಕು. ಫೈಲಿನ್ಯಾಗ ಅಂಕಿ ಬದ್ಲಿ ಬರೇ ಖಾಲಿ ಜಾಗ ಬಂತನ್ರಿ, ಎಬ್ಸಿಡಿಕ್‌ದಾಗ (ಮೇನ್‌ಫ್ರೇಮ್ ಅಕ್ಷರ ಬರಿಯೋ ಕೋಡ್) ಸ್ಪೇಸ್ ಅಂದ್ರ 40, ಹಂಗಾದ್ರ ಫೀಲ್ಡ್ 404040 ಆತು, ಕಡೀಗೆ 0 ಬಂತು, ಅದು ಚಿಹ್ನೆ ಅಲ್ಲ, ಕೂಡ್ಸಾಕ ಹೋದ್ರ 0ಸಿ7. ಡಂಪಿನ್ಯಾಗ (ಕೆಟ್ಟಾಗ ಬರ್ದಿಡೋ ಮೆಮೊರಿ ಪ್ರತಿ) 40 40 40 ಸಾಲಾಗಿ ಕಂಡ್ರ ಮೊದಲ ಇನ್‌ಪುಟ್ ಫೈಲ್ ನೋಡ್ರಿ.

ಬಿ37, ಡಿ37, ಇ37 ಜಾಗದ ತಕರಾರು. ಡಿ37 ಅಂದ್ರ ಪ್ರೈಮರಿ (ಮೊದ್ಲು ಕೇಳಿದ ಜಾಗ) ತುಂಬ್ತು, ಸೆಕೆಂಡರಿ (ಅದು ಸಾಲದಿದ್ರ ಕೊಡೋ ಹೆಚ್ಚಿನ ಜಾಗ) ನೀವು ಕೇಳೇ ಇಲ್ಲ. ಜಾಗ ಸಾಲದ ಬಂದಾಗೆಲ್ಲಾ ಸಿಲಿಂಡರ್ ಹೆಚ್ಚಿಸಿಬಿಡೋದು ಸುಲಭ, ಆದ್ರ ಮೊದಲ ಬ್ಲಾಕ್‌ಸೈಜ್ (ಡಿಸ್ಕಿಗೆ ಒಮ್ಮೆಲೇ ಬರಿಯೋ ತುಂಡಿನ ಅಳತಿ) ನೋಡ್ರಿ, ಲೆಕ್ಕ ಮಾಡಿ ತೋರಸ್ತೀನಿ. 3390 ಡಿಸ್ಕಿನ ಒಂದು ಟ್ರ್ಯಾಕಿನ್ಯಾಗ 56,664 ಬೈಟ್, 15 ಟ್ರ್ಯಾಕಿಗೆ ಒಂದು ಸಿಲಿಂಡರ್. 80 ಬೈಟಿನ ರೆಕಾರ್ಡಿಗೆ ಬ್ಲಾಕ್‌ಸೈಜ್ 27,920 ಕೊಟ್ರ ಒಂದು ಬ್ಲಾಕಿನ್ಯಾಗ 349 ರೆಕಾರ್ಡ್, ಟ್ರ್ಯಾಕಿಗೆ ಎರಡು ಬ್ಲಾಕ್, ಒಟ್ಟು 698. ಬ್ಲಾಕ್‌ಸೈಜ್ 80 ಅಂತ ಕೊಟ್ರ ಬ್ಲಾಕ್ ಬ್ಲಾಕಿಗೂ ನಡುವ ಬಿಡೋ ಜಾಗನ ಎಲ್ಲಾ ತಿಂದು ಟ್ರ್ಯಾಕಿಗೆ ಬರೇ 78. 10,000 ರೆಕಾರ್ಡಿಗೆ ಮೊದಲನೇ ಲೆಕ್ಕದಾಗ 15 ಟ್ರ್ಯಾಕ್, ಬರೋಬ್ಬರಿ ಒಂದು ಸಿಲಿಂಡರ್, ಎರಡನೇದ್ರಾಗ 129 ಟ್ರ್ಯಾಕ್. ಇದನ್ನ ನಾನು ಪೆನ್ನು ಹಾಳಿ ಹಿಡದು ಕೂಡ್ಸಿ ನೋಡಿದ ದಿನ ರಾತ್ರಿ ನಿದ್ದಿ ಬರಲಿಲ್ಲ, ಅಷ್ಟು ಖುಷಿ ಆಗಿತ್ತು. ಈಗಿನ ಸಿಸ್ಟಮಿನ್ಯಾಗ ಬ್ಲಾಕ್‌ಸೈಜ್ 0 ಅಂತ ಬಿಟ್ರ ಸಿಸ್ಟಮ್ಮ ಚಲೋದು ಆರಿಸ್ತೈತಿ.

ಐಪಿಎಲ್, ಅಂದ್ರ ಸಿಸ್ಟಮ್ ಎಬ್ಬಿಸೋದ್ರ ಬಗ್ಗೆ ಸಣ್ಣಗ. ಲೋಡ್‌ಪಾರ್ಮ್ (ಎಬ್ಬಿಸೋವಾಗ ಕೊಡೋ ಸೂಚನೆ) ಎಂಟು ಅಕ್ಷರದ್ದು: ಮೊದಲ ನಾಲ್ಕು ಐಓಡಿಎಫ್ (ಯಾವ್ಯಾವ ಡಿವೈಸ್ ಅದಾವು ಅನ್ನೋ ಫೈಲ್) ಇರೋ ಡಿಸ್ಕಿನ ನಂಬರ್, ಮುಂದಿನ ಎರಡು ಯಾವ ಲೋಡ್ ಮೆಂಬರ್ ಓದಬೇಕು ಅನ್ನೋದು, ಏಳನೇದು ಮೆಸೇಜ್ ಎಷ್ಟು ತೋರಿಸಬೇಕು, ಆಪರೇಟರನ್ನ ಕೇಳಬೇಕೋ ಬ್ಯಾಡೋ ಅನ್ನೋದು, ಎಂಟನೇದು ಯಾವ ನ್ಯೂಕ್ಲಿಯಸ್ (ಸಿಸ್ಟಮಿನ ಮೂಲ ಭಾಗ) ಅನ್ನೋದು. ಲೋಡ್ ಮೆಂಬರಿಂದ ಐಇಎಸಿಸ್, ಅಲ್ಲಿಂದ ಉಳದ ಪಾರ್ಮ್‌ಲಿಬ್ (ಸಿಸ್ಟಮಿನ ಸೆಟ್ಟಿಂಗ್ ಇಡೋ ಲೈಬ್ರರಿ) ಮೆಂಬರ್‌ಗೋಳು, ಹಿಂಗ ಒಂದು ಇನ್ನೊಂದನ್ನ ಕರ್ಕೋತ ಹೋಗ್ತೈತಿ. ಪಾರ್ಮ್‌ಲಿಬ್‌ದಾಗ ಏನರ ಬದಲ ಮಾಡೋರಿದ್ರ ಹಳೇ ಮೆಂಬರ್ ತಿದ್ದಬ್ಯಾಡ್ರಿ, ಹೊಸ ನಂಬರಿನ ಕಾಪಿ ಮಾಡಿ ಅದನ್ನ ತಿದ್ರಿ, ಸಿಸ್ಟಮ್ ಏಳಲಿಲ್ಲಂದ್ರ ಹಳೇ ನಂಬರ್ ಕೊಟ್ಟು ಎಬ್ಬಿಸಬಹುದು.

ಎಸ್‌ಎಂಪಿಇ (ಸಿಸ್ಟಮಿಗೆ ಸಾಫ್ಟ್‌ವೇರ್, ತಿದ್ದುಪಡಿ ಹಾಕೋ ಸಾಧನ) ಇದ ವಿಚಾರದ ಮ್ಯಾಲ ನಿಂತೈತಿ. ನಮ್ಮ ಕಡೆ ಹಗೇವಿನ್ಯಾಗ ಬಿತ್ತಾಕಂತ ಬೀಜದ ಜ್ವಾಳ ಬ್ಯಾರೆ ಇಡ್ತಿದ್ರು, ದಿನಾ ತಿನ್ನೋದು ಬ್ಯಾರೆ. ಟಾರ್ಗೆಟ್ ಲೈಬ್ರರಿ ಅಂದ್ರ ದಿನಾ ತಿನ್ನೋ ಜ್ವಾಳ, ಸಿಸ್ಟಮ್ ಓಡೋದು ಅದ್ರ ಮ್ಯಾಲ. ಡಿಸ್ಟ್ರಿಬ್ಯೂಷನ್ ಲೈಬ್ರರಿ ಅಂದ್ರ ಬೀಜ. ರಿಸೀವ್ ಮಾಡಿದ್ರ ಪಿಟಿಎಫ್ (ಐಬಿಎಂ ಕಳಸೋ ತಿದ್ದುಪಡಿ) ಮನಿಗೆ ಬಂತು ಅಷ್ಟ, ಅಪ್ಲೈ ಮಾಡಿದ್ರ ಟಾರ್ಗೆಟ್ ಬದಲಾತು, ತೊಂದ್ರಿ ಕೊಟ್ರ ರಿಸ್ಟೋರ್ ಮಾಡ್ರಿ, ಬೀಜದಿಂದ ಹಳೇದು ಹೊಳ್ಳಿ ಬರ್ತೈತಿ. ಆಕ್ಸೆಪ್ಟ್ ಮಾಡಿದ್ರ ಬೀಜಾನ ಬದಲಾತು, ಅಲ್ಲಿಂದ ರಿಸ್ಟೋರ್ ನಡಿಯಂಗಿಲ್ಲ. ಹಂಗಾಗಿ ಅಪ್ಲೈ ಆದ ಮ್ಯಾಲ ಸ್ವಲ್ಪ ದಿನ ಓಡಿಸಿ ನೋಡ್ದ ಆಕ್ಸೆಪ್ಟ್ ಮಾಡಬ್ಯಾಡ್ರಿ, ಅಪ್ಲೈಗಿಂತ ಮೊದ್ಲು ಅಪ್ಲೈ ಚೆಕ್ ಓಡಿಸಿ ಅದ್ರ ಮೆಸೇಜೆಲ್ಲಾ ಓದ್ರಿ, ಯಾವ ಹೋಲ್ಡ್ (ಇದನ್ನ ನೋಡದ ಹಾಕಬ್ಯಾಡ ಅನ್ನೋ ತಡಿ) ಯಾಕ ಐತಿ ಅಂತ ಅಲ್ಲೇ ಬರದಿರ್ತೈತಿ. ಹೋಲ್ಡ್ ಓದದ ಬೈಪಾಸ್ ಅಂತ ಹಾಕೋದು ನೋಡೀನಿ, ಅದನ್ನ ಮಾತ್ರ ರೂಢಿ ಮಾಡ್ಕೋಬ್ಯಾಡ್ರಿ.

ಕಡೀಗೆ ಬಂದ್ ಮಾಡೋದು, ಯಾಕಂದ್ರ ಮನ್ಯಾಗ ಹರ್ಕ್ಯುಲೀಸ್ ಹಾಕಿದವರೆಲ್ಲಾ ಸೀದಾ ವಿಂಡೋ ಕ್ಲೋಸ್ ಮಾಡ್ತಾರ, ಮರುದಿನ ಸ್ಪೂಲ್ (ಜೆಇಎಸ್2 ಜಾಬು, ಔಟ್‌ಪುಟ್ಟು ಇಡೋ ಜಾಗ) ಕೆಟ್ಟೈತಿ ಅಂತ ನಂಗ ಫೋನ್ ಮಾಡ್ತಾರ. ನಮ್ಮ ಕಡೆ ಕರೆಂಟ್ ಹೆಂಗ ಹೋಗ್ತೈತಿ ಗೊತ್ತಲ್ಲ, ಲ್ಯಾಪ್‌ಟಾಪ್ ಬ್ಯಾಟರಿ ಸತ್ತಿದ್ರ ಮೊದಲ ಅದನ್ನ ಹಾಕಸ್ರಿ. ಕೆಟ್ರೂ ಗಾಬರಿಯಾಗಿ ಜೆಇಎಸ್2 ಕೋಲ್ಡ್ ಸ್ಟಾರ್ಟ್ ಮಾಡಬ್ಯಾಡ್ರಿ, ಸ್ಪೂಲಿನ್ಯಾಗಿನ ಜಾಬು ಔಟ್‌ಪುಟ್ಟು ಎಲ್ಲಾ ಹೋಗ್ತೈತಿ, ವಾರ್ಮ್ ಸ್ಟಾರ್ಟ್ ಆಗ್ತೈತೇನು ಮೊದಲ ನೋಡ್ರಿ. ಬಂದ್ ಮಾಡೋ ಕ್ರಮ ಹಿಂಗ: ಡಿ ಎ,ಎಲ್ ಹೊಡದು ಯಾರ್ಯಾರು ಓಡಾಕತ್ತಾರ ನೋಡ್ರಿ, ಟಿಎಸ್‌ಓ ಯೂಸರ್‌ಗೋಳು ಲಾಗಾಫ್ ಆಗ್ಲಿ, ಓಡೋ ಜಾಬ್ ಮುಗೀಲಿ, ಝಡ್ ನೆಟ್,ಕ್ವಿಕ್ ಅಂದು ವಿಟ್ಯಾಮ್ (ನೆಟ್‌ವರ್ಕ್ ನೋಡ್ಕೊಳ್ಳೋ ಭಾಗ) ಇಳಸ್ರಿ, ಆಮ್ಯಾಲ $ಪಿ ಜೆಇಎಸ್2. ಜೆಇಎಸ್2 ಇಳಿಯವಲ್ದು ಅಂದ್ರ ಇನ್ನೂ ಯಾವುದೋ ಕೆಲಸ ಬಾಕಿ ಐತಿ, $ಹ್ಯಾಸ್ಪ್099 ಅಂದ್ರ ಎಲ್ಲಾ ಕೆಲಸ ಮುಗದೈತಿ ಅನ್ನೋ ಮೆಸೇಜ್ ಬರೋತನಕ ತಡೀರಿ. ಅದು ಇಳದ ಮ್ಯಾಲ ಝಡ್ ಇಓಡಿ, ಅದಕ್ಕ ಐಇಇ334ಐ ಅಂತ ಉತ್ತರ ಬರ್ತೈತಿ. ಆ ಸಾಲು ಕಣ್ಣಿಲೆ ನೋಡಿ ಎಮ್ಯುಲೇಟರ್ ಬಂದ್ ಮಾಡ್ರಿ.