ಕಡಿಮೆ ದುಡ್ಡಿನ ಸಿನಿಮಾ: ಯೂನಿಟ್ ಜೊತೆ ಕೆಲಸ ಮಾಡುವ ಬಗ್ಗೆ ಟಿಪ್ಪಣಿ

ಕಡಿಮೆ ಬಜೆಟ್ ಸಿನಿಮಾದಲ್ಲಿ ಜನ ಅರ್ಧಕ್ಕೇ ಕೈಬಿಡೋದು ಸಂಭಾವನೆ ಕಡಿಮೆ ಅಂತಲೇ ಅಲ್ಲ, ಅದು ಅವರಿಗೆ ಮೊದಲೇ ಗೊತ್ತಿರುತ್ತದೆ. ಬೆಳಿಗ್ಗೆ ಆರಕ್ಕೆ ಕರೆಸಿ ಹನ್ನೊಂದರವರೆಗೆ ಸುಮ್ನೆ ಕೂರಿಸಿದರೆ ಮಾತ್ರ ಯಾರಿಗಾದರೂ ಸಿಟ್ಟು ಬರುತ್ತದೆ. ಹಾಗಾಗಿ ಈ ಟಿಪ್ಪಣಿ ಪೂರ್ತಿ ಸಮಯದ ಲೆಕ್ಕವೇ.

ಸ್ಕ್ರಿಪ್ಟಿನಿಂದ ಶುರು ಮಾಡೋಣ. ಸರಿಯಾದ ಫಾರ್ಮ್ಯಾಟಿನಲ್ಲಿ ಬರೆದ ಒಂದು ಪುಟ ಅಂದರೆ ತೆರೆಯ ಮೇಲೆ ಸುಮಾರು ಒಂದು ನಿಮಿಷ. 90 ಪುಟವನ್ನು 18 ದಿನದಲ್ಲಿ ಮುಗಿಸಬೇಕು ಅಂದರೆ ದಿನಕ್ಕೆ 5 ಪುಟ. ಇಬ್ಬರು ಕೂತು ಮಾತಾಡುವ ಸೀನ್ ಆದರೆ ಅಷ್ಟು ಆಗಬಹುದು, ಆದರೆ 'ಗುಂಪು ಓಡುತ್ತದೆ' ಅನ್ನೋ ಒಂದೇ ಸಾಲು ಅರ್ಧ ದಿನ ನುಂಗಿಬಿಡುತ್ತದೆ. ಪುಟವನ್ನು 8 ಭಾಗ ಮಾಡಿ ಸೀನ್ ಅಳೆಯುವ ರೂಢಿ ಇದೆ, ಒಳ್ಳೆಯದೇ, ಆದರೆ ಅದನ್ನೇ ಪೂರ್ತಿ ನಂಬಬೇಡಿ.

ಶೂಟಿಂಗ್ ನಡೆಯೋದು ಕಥೆಯ ಕ್ರಮದಲ್ಲಲ್ಲ, ಲೊಕೇಶನ್ ಪ್ರಕಾರ. ಇದರ ಹೊರೆ ಬೀಳೋದು ಕಲಾವಿದರ ಮೇಲೆ: ಕೊನೆಯ ಸೀನಿನ ಅಳು ಎರಡನೇ ದಿನವೇ ಅಳಬೇಕಾಗಬಹುದು. ಆಗ 'ಇನ್ನೂ ಸ್ವಲ್ಪ ಎಮೋಷನ್ ಬೇಕು' ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಈ ಪಾತ್ರ ಈಗ ಎಲ್ಲಿಂದ ಬಂತು, ಎದುರಿಗಿರೋರಿಂದ ಏನು ಬೇಕು ಅಂತ ಎರಡು ವಾಕ್ಯದಲ್ಲಿ ಹೇಳಿ. ಉದ್ದದ ಮಾತುಕತೆ, ಅನುಮಾನ, ಜಗಳ ಎಲ್ಲ ರಿಹರ್ಸಲ್‌ನಲ್ಲೇ ಮುಗಿಯಲಿ. ಅಲ್ಲಿ ಮೂರು ಜನ ಇರುತ್ತಾರೆ, ಸೆಟ್ಟಿನಲ್ಲಿ ಹದಿನೈದು ಜನ ನಿಮ್ಮ ಮುಖ ನೋಡುತ್ತಾ ನಿಂತಿರುತ್ತಾರೆ. ಸೆಟ್ಟಿಗೆ ಬಂದ ಮೇಲೆ ಮೊದಲು ಬ್ಲಾಕಿಂಗ್, ಅಂದರೆ ಯಾರು ಎಲ್ಲಿ ನಿಲ್ಲಬೇಕು, ಎಲ್ಲಿಗೆ ನಡೆಯಬೇಕು ಅಂತ ಗೊತ್ತು ಮಾಡೋದು, ಆಮೇಲೆ ಲೈಟ್ ಹಾಕುವಾಗ ಕಲಾವಿದರು ಮೇಕಪ್‌ಗೆ ಹೋಗಲಿ. ಎಷ್ಟೋ ಜನ ಇದನ್ನು ಉಲ್ಟಾ ಮಾಡಿ, ನಟ ಎಲ್ಲಿ ನಿಲ್ಲುತ್ತಾನೆ ಅಂತ ಗೊತ್ತಾದ ಮೇಲೆ ಮತ್ತೆ ಲೈಟ್ ಎಳೆಯುತ್ತಾರೆ.

ಸೆಟ್ಟಿನಲ್ಲಿ ಸಮಯ ನೋಡಿಕೊಂಡು ಕೆಲಸ ಓಡಿಸೋದು ಫಸ್ಟ್ ಅಸಿಸ್ಟೆಂಟ್ ಡೈರೆಕ್ಟರ್. ನೀವು ಡೈರೆಕ್ಟರ್ ಆಗಿದ್ದರೆ ಆ ಕೆಲಸವನ್ನೂ ನೀವೇ ಮಾಡಬೇಡಿ. ನಾನೊಮ್ಮೆ ಮಾಡಿದೆ. ಒಂದು ಕಣ್ಣು ಗಡಿಯಾರದ ಮೇಲೆ, ಒಂದು ಕಣ್ಣು ಮಾನಿಟರ್ ಮೇಲೆ. ಸರಿಯಿಲ್ಲದ ಟೇಕಿಗೂ ಓಕೆ ಅಂದುಬಿಟ್ಟೆ, ಗೊತ್ತಾಗಿದ್ದು ಎಡಿಟಿಂಗ್‌ನಲ್ಲಿ. ಕಂಟಿನ್ಯೂಟಿಗೂ, ಅಂದರೆ ಒಂದು ಶಾಟಿಂದ ಇನ್ನೊಂದಕ್ಕೆ ಎಲ್ಲ ಹೊಂದುತ್ತಾ ಅಂತ ನೋಡೋಕೂ, ಬೇರೆಯೇ ಒಬ್ಬರಿರಲಿ, ಲೋಟ ಯಾವ ಕೈಯಲ್ಲಿತ್ತು ಅಂತ ಕ್ಯಾಮೆರಾದವರು ನೆನಪಿಡೋಕೆ ಆಗಲ್ಲ.

ಸೌಂಡಿನವರು 30 ಸೆಕೆಂಡ್ ರೂಮ್ ಟೋನ್ (ಯಾರೂ ಮಾತಾಡದಿದ್ದಾಗ ಆ ಜಾಗದಲ್ಲಿ ಕೇಳುವ ಸದ್ದಿನ ರೆಕಾರ್ಡಿಂಗ್) ಕೇಳಿದರೆ ಕೊಡಿ, ಎಲ್ಲರೂ ಉಸಿರು ಬಿಗಿಹಿಡಿದು ನಿಲ್ಲಿ. ಸದ್ದು ಬರುತ್ತದೆ ಅಂತ ಫ್ರಿಜ್ ಆಫ್ ಮಾಡಿದರೆ ನಿಮ್ಮ ಗಾಡಿ ಕೀ ಅದರೊಳಗೇ ಇಡಿ. ಹಳೇ ಉಪಾಯ ಇದು, ಮತ್ತೆ ಆನ್ ಮಾಡದೆ ಮನೆಗೆ ಹೋಗೋಕೇ ಆಗಲ್ಲ!

ದಿನಕ್ಕೆ 12 ಗಂಟೆಗಿಂತ ಜಾಸ್ತಿ ಎಳೆಯಬೇಡಿ. ಪ್ಯಾಕಪ್‌ಗೂ ಮರುದಿನದ ಕಾಲ್ ಟೈಮ್‌ಗೂ ನಡುವೆ ಕಡಿಮೆ ಅಂದ್ರೂ 10 ಗಂಟೆ ಬಿಡಿ, ನಿದ್ದೆಗೆಟ್ಟವರು ಗಾಡಿ ಓಡಿಸಿಕೊಂಡು ಮನೆಗೆ ಹೋಗಬೇಕು ಅನ್ನೋದು ಮರೆಯಬಾರದು. ಕೆಲಸ ಶುರುವಾಗಿ 6 ಗಂಟೆಯೊಳಗೆ ಬಿಸಿ ಊಟ. ಬಜೆಟ್ ಎಷ್ಟೇ ಬಿಗಿ ಇದ್ದರೂ ಇದರಲ್ಲಿ ಕೈ ಬಿಗಿ ಹಿಡಿಯಬೇಡಿ.

'ಸಿನಿಮಾ ಮಾರಾಟ ಆದ ಮೇಲೆ ಕೊಡ್ತೀವಿ' ಅನ್ನೋ ಮಾತು ಇದ್ದರೆ ಕಾಗದದ ಮೇಲೆ ಬರಲಿ: ಎಷ್ಟು, ಯಾವಾಗ, ಯಾರಿಗೆ ಮೊದಲು, ಖರ್ಚು ಕಳೆಯುವ ಮುಂಚೆಯೋ ಆಮೇಲೋ. ಸ್ನೇಹಿತರಾದರೂ ಅಷ್ಟೇ, ಸ್ನೇಹಿತರಾದರೆ ಇನ್ನೂ ಜಾಸ್ತಿ. ತೆರೆಯ ಮೇಲೆ ಕಾಣುವ ಪ್ರತಿಯೊಬ್ಬರ ಒಪ್ಪಿಗೆ ಪತ್ರಕ್ಕೂ ಮೊದಲ ದಿನವೇ ಸಹಿ ಹಾಕಿಸಿ, ಅದಿಲ್ಲದಿದ್ದರೆ ವಿತರಕರ ಹತ್ತಿರ ಸಿನಿಮಾ ಸಿಕ್ಕಿಹಾಕಿಕೊಳ್ಳುತ್ತದೆ. ಅದೇ ಹಾಳೆಯಲ್ಲಿ ಟೈಟಲ್ ಕಾರ್ಡಿಗೆ ಅವರ ಹೆಸರನ್ನು ಅವರ ಕೈಯಲ್ಲೇ ಬರೆಸಿಕೊಳ್ಳಿ.